‘ಪ್ರೇಮಲೋಕ’ದ ಜೋಡಿ ಮತ್ತೆ ಹಾಗೆ ಯಾಕೆ ಬರೆಯಲಿಲ್ಲ?

ಅಂಡರ್ಸನ್‌ಪೇಟೆಯ ಅಭಿಮಾನಿಯೊಬ್ಬರು ಅಂಚೆ ಕಾರ್ಡಿನ ತುಂಬ ಇರುವೆ ಸಾಲಿನ ಹಾಗೆ ಬರೆದು ಕಳಿಸಿದ್ದಾರೆ. ವಿಷಯ ಒಂದೇ. “ಹಂಸಲೇಖ–ರವಿಚಂದ್ರನ್ ಜೋಡಿ ‘ಪ್ರೇಮಲೋಕ’ದಲ್ಲಿ ಕೊಟ್ಟಂಥ ಹಾಡು ಆಮೇಲೆ ಯಾಕೆ ಕೊಡಲಿಲ್ಲ? ಇಬ್ಬರಿಗೂ ವಯಸ್ಸಾಗಿಹೋಯಿತೆ? ಅಥವಾ ದುಡ್ಡು ಬಂದ ಮೇಲೆ ಪ್ರೀತಿ ಹೋಯಿತೆ? ನಿಮ್ಮ ಅಂಕಣದಲ್ಲಿ ಉತ್ತರ ಕೊಡಿ. ಕೊಡದಿದ್ದರೆ ನಾಳೆಯಿಂದ ಪತ್ರಿಕೆ ಕೊಳ್ಳುವುದಿಲ್ಲ.”

ಕೊನೆಯ ವಾಕ್ಯ ಓದಿದ ಸಂಪಾದಕರು ಕಾರ್ಡನ್ನು ನೇರವಾಗಿ ನನ್ನ ಕೈಗೆ ಹಾಕಿದರು. ಉತ್ತರ ಕೊಡದೆ ಉಂಟೆ?

ತಮಾಷೆ ಇರಲಿ. ಇದು ಆ ಅಭಿಮಾನಿ ಒಬ್ಬರ ಪ್ರಶ್ನೆ ಅಲ್ಲ. ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತ ನಿಂತರೆ, ಮಾರಿಕುಪ್ಪಂ ರೈಲಿನಲ್ಲಿ ನೂಕಾಡಿ ಸೀಟು ಹಿಡಿದು ಕೂತರೆ, ಐವತ್ತು ದಾಟಿದ ಯಾರ ಬಾಯಲ್ಲಾದರೂ ಈ ಮಾತು ಬಂದೇ ಬರುತ್ತೆ. “ಆಗಿನ ಹಾಡು ಆಗಿಂದೇ ಕಣ್ರೀ” ಅಂತ ಒಬ್ಬರು ಶುರು ಮಾಡಿದರೆ ಸಾಕು, ಪಕ್ಕದವರು ಗುನುಗತೊಡಗುತ್ತಾರೆ.

ಗಾಂಧಿನಗರದ ಪಂಡಿತರ ಹತ್ತಿರ ಇದಕ್ಕೆ ರೆಡಿಮೇಡ್ ಉತ್ತರ ಇದೆ. “ಬಾಳು ಬದಲಾಯಿತು, ಹಾಡೂ ಬದಲಾಯಿತು. ಹುಡುಗರಾಗಿದ್ದಾಗ ಪ್ರೇಮ ಬರೆದರು, ಮದುವೆಯಾದ ಮೇಲೆ ಸಂಸಾರ ಬರೆದರು, ಬೇರೆಯಾದ ಮೇಲೆ ವಿರಹ ಬರೆದರು. ಅಷ್ಟೇ!” ಕೇಳುವುದಕ್ಕೆ ಚೆನ್ನಾಗಿದೆ. ಅರ್ಧ ನಿಜವೂ ಹೌದು. ಆದರೆ ಉಳಿದ ಅರ್ಧದಲ್ಲಿಯೇ ಸ್ವಾರಸ್ಯ ಇರುವುದು. ಅದನ್ನೇ ಈ ವಾರ ಬಿಡಿಸಿ ನೋಡೋಣ.

ನಾಯಕನಿಗೆ 26, ಕವಿಗೆ 36

ಮೊದಲು ಲೆಕ್ಕ ನೋಡಿ. ‘ಪ್ರೇಮಲೋಕ’ ತೆರೆ ಕಂಡದ್ದು 1987ರಲ್ಲಿ. ನಾಯಕ, ನಿರ್ದೇಶಕ ಎರಡೂ ಆಗಿದ್ದ ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ. ಅಂದರೆ 26ರ ಹುಡುಗ. ತಂದೆ ಎನ್. ವೀರಾಸ್ವಾಮಿ ದೊಡ್ಡ ನಿರ್ಮಾಪಕರು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ ತೆಗೆದ ಈಶ್ವರಿ ಸಂಸ್ಥೆಯ ಯಜಮಾನರು. ಕ್ಯಾಮೆರಾ, ಲೈಟು, ಹಂಚಿಕೆದಾರರು, ಇವೆಲ್ಲ ಈ ಹುಡುಗನಿಗೆ ಮನೆಯಂಗಳದ ಸಾಮಾನು.

ಹಂಸಲೇಖ ಹುಟ್ಟಿದ್ದು 1951ರಲ್ಲಿ. ಹೆತ್ತವರು ಇಟ್ಟ ಹೆಸರು ಗಂಗರಾಜು. ಲಾವಣಿ ನೀಲಕಂಠಪ್ಪನವರ ಶಿಷ್ಯ. ಗುರುಗಳು ಕೊಟ್ಟ ಹಂಸದ ಗುರುತಿನ ಪೆನ್ನಿನಿಂದ ‘ಹಂಸಲೇಖನಿ’ಯಾಗಿ, ಮುಂದೆ ‘ಹಂಸಲೇಖ’ ಆದದ್ದು ನಿಮಗೆಲ್ಲ ಗೊತ್ತಿರುವ ಕಥೆ. 1970ರ ದಶಕದ ಮೊದಲಲ್ಲೇ ‘ತ್ರಿವೇಣಿ’ ಚಿತ್ರಕ್ಕೆ ಹಾಡು ಬರೆದವರು. ಆದರೆ ಆಮೇಲೆ ಬಾಗಿಲು ತೆರೆಯಲಿಲ್ಲ. ನಾಟಕ, ಆರ್ಕೆಸ್ಟ್ರಾ ಅಂತ ವರ್ಷಗಟ್ಟಲೆ ಮೈ ಸವೆಸಿದರು. 1985ರ ‘ನಾನು ನನ್ನ ಹೆಂಡ್ತಿ’ಗೆ ಶಂಕರ್–ಗಣೇಶ್ ಸಂಗೀತ, ಸಾಹಿತ್ಯ ಇವರದು. ನಾಯಕ ರವಿಚಂದ್ರನ್. ಆ ಹಾಡುಗಳು ಗೆದ್ದವು. ಎರಡು ವರ್ಷದ ಮೇಲೆ ‘ಪ್ರೇಮಲೋಕ’ಕ್ಕೆ ಪದವೂ ನಿಮ್ಮದೇ, ಮಟ್ಟೂ ನಿಮ್ಮದೇ ಎಂದು ಆ ಹುಡುಗ ಇವರನ್ನು ಕೂರಿಸಿದಾಗ ಇವರಿಗೆ 36.

ಈ ಹತ್ತು ವರ್ಷದ ಅಂತರವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇವತ್ತಿನ ನನ್ನ ಮಾತೆಲ್ಲ ಇದರ ಮೇಲೇ ನಿಂತಿದೆ.

ಮಾತಿಗೇ ಮಟ್ಟು

‘ಪ್ರೇಮಲೋಕ’ದಲ್ಲಿ ಹೊಸದೇನಿತ್ತು? ಕಥೆಯ ಎಳೆ ಹಾಲಿವುಡ್ಡಿನ ‘ಗ್ರೀಸ್ 2’ ಚಿತ್ರದ್ದು. ಮೋಟಾರ್ ಬೈಕು, ಕಾಲೇಜು, ಬಣ್ಣದ ಬೆಳಕು, ಮಿಸ್ ಇಂಡಿಯಾ ಆಗಿ ಬಂದಿದ್ದ ಜೂಹಿ ಚಾವ್ಲಾ. ಇವೆಲ್ಲ ಕಣ್ಣಿಗೆ. ಕಿವಿಗೆ ಬಂದದ್ದು ಬೇರೆ.

ಅಲ್ಲಿಯವರೆಗೆ ನಮ್ಮ ಚಿತ್ರಗೀತೆಗೆ ಒಂದು ಗತ್ತಿತ್ತು. ಕಣಗಾಲ್ ಪ್ರಭಾಕರ ಶಾಸ್ತ್ರಿ, ವಿಜಯನಾರಸಿಂಹ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್... ಒಬ್ಬೊಬ್ಬರೂ ದಿಗ್ಗಜರು. ಅವರ ಪ್ರೇಮಿ ಹಾಡಲು ಎದ್ದರೆ ಪಂಚೆ ಸರಿಮಾಡಿಕೊಂಡು, ಗಂಟಲು ಶುದ್ಧ ಮಾಡಿಕೊಂಡು ಹಾಡುತ್ತಿದ್ದ. ಹಂಸಲೇಖರ ಪ್ರೇಮಿ ಮಾತಾಡುತ್ತ ಮಾತಾಡುತ್ತಲೇ ಹಾಡಿಗೆ ಜಾರಿಬಿಟ್ಟ! ಅವನು ಕೇಳುತ್ತಾನೆ, ಅವಳು ಹೇಳುತ್ತಾಳೆ, ನಡುವೆ ಸ್ನೇಹಿತರು ಬಾಯಿ ಹಾಕುತ್ತಾರೆ. ಕಥೆ ಹಾಡಿನಲ್ಲೇ ಒಂದು ಹೆಜ್ಜೆ ಮುಂದೆ ಹೋಗುತ್ತೆ.

ಇದು ಹೇಗೆ ಸಾಧ್ಯ ಆಯಿತು? ಪದ ಬರೆಯುವವನೂ ಮಟ್ಟು ಹಾಕುವವನೂ ಒಬ್ಬನೇ ಆದದ್ದರಿಂದ. ಸಾಮಾನ್ಯವಾಗಿ ಸಂಗೀತ ನಿರ್ದೇಶಕರು ಮೊದಲು ಮಟ್ಟು ಕೊಡುತ್ತಾರೆ, ಕವಿ ಅದರೊಳಗೆ ಪದ ತುಂಬುತ್ತಾನೆ. ಹೊಲಿದಿಟ್ಟ ಅಂಗಿಯೊಳಗೆ ಮೈ ತೂರಿಸಿದ ಹಾಗೆ. ಇಲ್ಲಿ ಅಳತೆ ತೆಗೆದವನೇ ಹೊಲಿದ. ಬಸ್ ಸ್ಟ್ಯಾಂಡಿನ ಮಾತನ್ನೇ ತಗೊಳ್ಳಿ. “ಬಸ್ಸು ಬಂತಾ? ಬಂತು. ಸೀಟು ಸಿಕ್ತಾ? ಎಲ್ಲಿ ಸಿಕ್ತು!” ಇದರಲ್ಲಿ ಒಂದು ಏರು, ಒಂದು ಇಳಿತ, ಒಂದು ತಾಳ ಇದೆಯಲ್ಲ? ಆ ಏರಿಳಿತವನ್ನೇ ಹಿಡಿದು ಮಟ್ಟು ಮಾಡಿದರೆ ಬಾಯಿಪಾಠ ಮಾಡುವ ಕಷ್ಟವೇ ಇಲ್ಲ. ಒಮ್ಮೆ ಕೇಳಿದವನು ಎರಡನೇ ಸಲ ಹಾಡುತ್ತಾನೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ, ಯೇಸುದಾಸ್ ಅಂಥವರ ಕಂಠ ಬೇರೆ ಸಿಕ್ಕಿತು. ಕೇಳಬೇಕೆ? ಕ್ಯಾಸೆಟ್ಟು ಸವೆದು ಕರಗುವ ತನಕ ಓಡಿತು.

ನಮ್ಮ ಕೆ.ಜಿ.ಎಫ್.ನಲ್ಲಿ ಇದರ ಕಥೆ ಇನ್ನೂ ಸೊಗಸು. ಗಣಿಯ ಲೈನ್ ಮನೆಗಳಲ್ಲಿ ಆಡುವ ಭಾಷೆ ಹೆಚ್ಚಾಗಿ ತಮಿಳು. ತೆಲುಗು, ಉರ್ದು ಉಂಟು. ಕನ್ನಡ ಅಂದರೆ ಸ್ಕೂಲು, ಆಫೀಸು, ಬಸ್ಸಿನ ಬೋರ್ಡು. ಅದೇ 1987ರಲ್ಲಿ ‘ಪ್ರೇಮಲೋಕ’ ತಮಿಳಿನಲ್ಲಿ ‘ಪರುವ ರಾಗಂ’ ಆಗಿಯೂ ಬಂತು. ಅದೇ ರವಿಚಂದ್ರನ್, ಅದೇ ಜೂಹಿ, ಅದೇ ಹಂಸಲೇಖ. ನಮ್ಮ ಮಾವ ಬಂಗಾರಪೇಟೆಯಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇಟ್ಟುಕೊಂಡು, ರಾತ್ರಿ ಹೊತ್ತು ರಾಬರ್ಟ್‌ಸನ್‌ಪೇಟೆಯ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಆಗಿನ ಮಾತನ್ನು ಅವರ ಬಾಯಲ್ಲೇ ಕೇಳಬೇಕು.

“ನೋಡಪ್ಪಾ, ನಮ್ಮಲ್ಲಿ ಹಾಡೋ ಹುಡುಗಂಗೆ ಕನ್ನಡ ಓದಕ್ಕೆ ಬರ್ತಿರಲಿಲ್ಲ. ತಮಿಳು ಅಕ್ಷರದಲ್ಲಿ ಕನ್ನಡ ಹಾಡು ಬರ್ಕೊಂಡು ಬರೋನು. ಒಂದು ಚರಣ ಕನ್ನಡದಲ್ಲಿ ಹೇಳೋದು, ಇನ್ನೊಂದು ತಮಿಳಲ್ಲಿ. ಕೆಳಗಿದ್ದೋರೆಲ್ಲ ಎರಡಕ್ಕೂ ಕುಣಿಯೋರು. ಆರು ತಿಂಗಳಾದ್ಮೇಲೆ ಅದೇ ಹುಡುಗ ನಮ್ಮ ಅಂಗಡಿ ಮುಂದೆ ನಿಂತ್ಕೊಂಡು ಕನ್ನಡದಲ್ಲೇ ಜಗಳ ಆಡ್ತಿದ್ದ!”

ಮಾತಿನಂತಿದ್ದ ಹಾಡು ಕಲಿತವನಿಗೆ ಹಾಡಿನಂಥ ಮಾತು ಬಂತು. ಸರ್ಕಾರದ ಯಾವ ಕನ್ನಡ ಕಲಿಕಾ ಕೇಂದ್ರವೂ ಇಷ್ಟು ಬೇಗ ಪಾಠ ಹೇಳಿರಲಾರದು.

ಲೋಕ ಬಿಟ್ಟು ಮನೆಗೆ

ಈಗ ಪಂಡಿತರ ವಾದಕ್ಕೆ ಬರೋಣ. ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಅವರ ಮಾತು ನಿಜ ಅನ್ನಿಸುತ್ತೆ.

1988ರಲ್ಲಿ ‘ರಣಧೀರ’, ‘ಅಂಜದ ಗಂಡು’. ಇನ್ನೂ ಪ್ರೇಮಲೋಕದ ಬಿಸಿ ಆರಿಲ್ಲ. ಅದೇ ತುಂಟತನ, ಅದೇ ಸವಾಲು ಜವಾಬು. 1989ರಲ್ಲಿ ‘ಯುದ್ಧಕಾಂಡ’. ಇಲ್ಲಿ ನಾಯಕ ವಕೀಲ, ಹಿಂದೆ ಒಂದು ನೊಂದ ಕುಟುಂಬ. ಹಾಡಿನೊಳಗೆ ಮನೆ ಬಂತು, ತಾಯಿ ಬಂದಳು. 1991ರಲ್ಲಿ ‘ಶಾಂತಿ ಕ್ರಾಂತಿ’. ಕನ್ನಡ, ತೆಲುಗು, ತಮಿಳು, ಹಿಂದಿ, ನಾಲ್ಕು ಭಾಷೆಯಲ್ಲಿ ತೆಗೆದ ಭಾರಿ ಚಿತ್ರ. ನಷ್ಟವೂ ಅಷ್ಟೇ ಭಾರಿ. ಮರುವರ್ಷ, 1992ರಲ್ಲಿ, ತಂದೆ ವೀರಾಸ್ವಾಮಿ ತೀರಿಕೊಂಡರು. ಕನಸಿಗೆ ಕಾಸು ಹಾಕುತ್ತಿದ್ದ ಕೈ ಹೋಯಿತು. 26ರ ಹುಡುಗ ಮೂವತ್ತು ದಾಟಿದ್ದ, ಹೆಂಡತಿ ಮಕ್ಕಳ ಸಂಸಾರಸ್ಥನಾಗಿದ್ದ.

ಇದೇ ಹೊತ್ತಿನಲ್ಲಿ ಹಾಡಿನ ದಿಕ್ಕು ತಿರುಗಿತು. 1991ರಲ್ಲೇ ಬಂದ ‘ರಾಮಾಚಾರಿ’ ನೋಡಿ. ತಾಳಿ ಅಂದರೇನೆಂದೇ ಗೊತ್ತಿಲ್ಲದ ಮುಗ್ಧ ಹಳ್ಳಿಯ ಹಾಡುಗಾರ. ಅವನ ಬಾಯಲ್ಲಿ ಸವಾಲು ಜವಾಬು ಇಲ್ಲ, ಲಾಲಿ ಇದೆ. ಕಾಲೇಜಿನ ಕನ್ನಡ ಹೋಗಿ ಹಟ್ಟಿಯ ಕನ್ನಡ ಬಂತು. 1992ರ ‘ಹಳ್ಳಿ ಮೇಷ್ಟ್ರು’ವಿನಲ್ಲಿ ನಾಯಕ ಕೈಗೂಸು ಇರುವ ವಿಧುರ. 1993ರ ‘ಅಣ್ಣಯ್ಯ’ದಲ್ಲಿ ಮಲತಾಯಿಯನ್ನು ದೇವರೆನ್ನುವ ಮಗ. 1995ರ ‘ಪುಟ್ನಂಜ’ದಲ್ಲಿ ಹಳ್ಳಿ, ಹೊಲ, ಅಜ್ಜಿಯಾಗಿ ಉಮಾಶ್ರೀ. ‘ಪ್ರೇಮಲೋಕ’ದಲ್ಲಿ ಬೈಕಿನ ಸದ್ದಿನಿಂದ ಶುರುವಾದ ಜೋಡಿ ಎಂಟು ವರ್ಷದಲ್ಲಿ ಅಜ್ಜಿಯ ಮಡಿಲಿಗೆ ಬಂದು ಕೂತಿತು.

ಕೆ.ಜಿ.ಎಫ್.ನ ಜನ ಈ ಬದಲಾವಣೆಯನ್ನು ಬೇರೆ ಊರಿನವರಿಗಿಂತ ಹತ್ತಿರದಿಂದ ಕಂಡರು. ‘ರಾಮಾಚಾರಿ’ ತಮಿಳಿನ ‘ಚಿನ್ನ ತಂಬಿ’ಯ ರೀಮೇಕ್. ಮೂಲಕ್ಕೆ ಇಳಯರಾಜಾ ಸಂಗೀತ. ಅದನ್ನು ತಾಯಿನುಡಿಯಲ್ಲಿ ನೋಡಿ, ಹಾಡೆಲ್ಲ ಕಂಠಪಾಠ ಮಾಡಿಕೊಂಡವರೇ ಕನ್ನಡದ್ದಕ್ಕೂ ಟಿಕೆಟ್ ತಗೊಂಡರು. ಹಂಸಲೇಖ ಅದೇ ಕಥೆಗೆ ತಮ್ಮದೇ ಮಟ್ಟು, ತಮ್ಮದೇ ಮಾತು ಕೂರಿಸಿದ್ದರು. “ರಾಜಾ ಸಾರ್ ಎದುರಿಗೆ ಯಾರು ನಿಲ್ತಾರೆ ಅಂತ ಬಾಜಿ ಕಟ್ಟಿದ್ದೋರು ಹೊರಗೆ ಬಂದ್ಮೇಲೆ ಸುಮ್ಮನೆ ಬೀಡಿ ಹಚ್ಚಿದ್ರು” ಅಂತಾರೆ ಮಾವ. ಅವರ ಡಿಕ್ಷನರಿಯಲ್ಲಿ ಅದು ಬಹುದೊಡ್ಡ ಹೊಗಳಿಕೆ!

ಡೈರಿ ಅಲ್ಲ ಸ್ವಾಮಿ!

ಹಾಗಾದರೆ ಪಂಡಿತರು ಗೆದ್ದರೆ? ಬಾಳು ಬದಲಾದ ಹಾಗೆ ಹಾಡು ಬದಲಾಯಿತು, ಮುಗಿಯಿತು ಕಥೆ ಅನ್ನೋಣವೆ?

ನಿಲ್ಲಿ. ಮೂರು ಮಾತಿದೆ.

ಒಂದು. ಸಿನಿಮಾ ಹಾಡು ಬರೆದವನ ಡೈರಿ ಅಲ್ಲ. ‘ರಣಧೀರ’ ಹಿಂದಿಯ ‘ಹೀರೋ’, ‘ಯುದ್ಧಕಾಂಡ’ ‘ಮೇರಿ ಜಂಗ್’, ‘ಹಳ್ಳಿ ಮೇಷ್ಟ್ರು’ ತಮಿಳಿನ ‘ಮುಂದಾನೈ ಮುಡಿಚ್ಚು’, ‘ಅಣ್ಣಯ್ಯ’ ಹಿಂದಿಯ ‘ಬೇಟಾ’. ಕಥೆ ಬೇರೆಯವರದ್ದು, ಸನ್ನಿವೇಶ ಬೇರೆಯವರದ್ದು. ಕಥೆಯಲ್ಲಿ ತಾಯಿ ಇದ್ದರೆ ಹಾಡಿನಲ್ಲಿ ತಾಯಿ ಬರಲೇಬೇಕು. ಯಾವ ಕಥೆ ಆರಿಸಿಕೊಂಡರು ಅನ್ನುವುದರಲ್ಲಿ ಅವರವರ ಬಾಳು ಕಾಣಬಹುದು. ಹಾಡಿನ ಸಾಲು ಸಾಲಿನಲ್ಲೂ ಅದನ್ನೇ ಹುಡುಕಿದರೆ ನಗೆಪಾಟಲು.

ಎರಡು. ಅದೇ ವರ್ಷಗಳಲ್ಲಿ ಹಂಸಲೇಖ ಒಬ್ಬ ರವಿಚಂದ್ರನ್‌ಗೆ ಮಾತ್ರ ಬರೆಯುತ್ತಿರಲಿಲ್ಲ. 1990ರಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ಕ್ಕೆ ಕೊಡಗಿನ ಸೈನಿಕನ ಸಂಸಾರ ಹಾಡಿದರು. 1993ರಲ್ಲಿ ‘ಆಕಸ್ಮಿಕ’ಕ್ಕೆ ಡಾ. ರಾಜ್‌ಕುಮಾರ್ ಕಂಠದಲ್ಲಿ ನಾಡಿನ ಹಾಡು ಬರೆಸಿಕೊಂಡು ಹೋದರು ನಾಗಾಭರಣ. ಒಬ್ಬನೇ ಮನುಷ್ಯ, ಅದೇ ವಯಸ್ಸು, ಅದೇ ಬಾಳು. ಹಾಡು ಮಾತ್ರ ಒಂದೊಂದು ಒಂದೊಂದು ಕಡೆಗೆ.

ಮೂರನೆಯದೇ ಮುಖ್ಯ. ‘ಪ್ರೇಮಲೋಕ’ದ ಕಾಲೇಜು ಪ್ರೇಮವನ್ನು ಬರೆದವರು ಕಾಲೇಜು ಹುಡುಗರೇ ಅಲ್ಲ! ಆ ಪೆನ್ನಿಗೆ 36 ವರ್ಷ. ಜೇಬು ಖಾಲಿ ಇದ್ದ ದಿನಗಳನ್ನು, ಬಾಗಿಲು ಮುಚ್ಚಿದ ಕಂಪನಿಗಳನ್ನು ಕಂಡ ಮನುಷ್ಯ ಅದು. ಕನಸು ಹುಡುಗನದು, ಬಾಯಿ ಹಿರಿಯನದು. ಆ ಹಾಡುಗಳನ್ನು ಇನ್ನೊಮ್ಮೆ ಕೇಳಿ. ಪ್ರೇಮಿಯ ಹುಚ್ಚಿನ ಪಕ್ಕದಲ್ಲೇ ಆ ಹುಚ್ಚನ್ನು ನೋಡಿ ಮೀಸೆಯಡಿ ನಗುವ ಒಬ್ಬ ಅಣ್ಣ ಇದ್ದಾನೆ. ಹುಡುಗ “ಜಗತ್ತೇ ನನ್ನದು” ಅನ್ನುವಾಗ ಆ ಅಣ್ಣ “ಫೀಸು ಕಟ್ಟಿದ್ದೀಯೇನಪ್ಪ?” ಅಂತ ಕೇಳಿದ ಹಾಗಿರುತ್ತೆ. ಆ ರುಚಿಗೇ ನಾವೆಲ್ಲ ಮರುಳಾದದ್ದು. ಬರೀ ಪ್ರೇಮಕ್ಕಲ್ಲ.

ನನ್ನ ಲೆಕ್ಕ ಇದು. ಹತ್ತು ವರ್ಷದ ಅಂತರವೇ ಆ ಹಾಡಿನ ಇಂಧನ. 1987ರಲ್ಲಿ ಇಬ್ಬರ ನಡುವೆ ಒಂದು ಹೊಳೆಯಷ್ಟು ದೂರ ಇತ್ತು. ಈ ದಡದಿಂದ ಕೂಗಿದರೆ ಆ ದಡದಿಂದ ಉತ್ತರ ಬರುತ್ತಿತ್ತು. 1995ರ ಹೊತ್ತಿಗೆ ಒಬ್ಬರಿಗೆ 34, ಇನ್ನೊಬ್ಬರಿಗೆ 44. ಇಬ್ಬರಿಗೂ ಹೆಸರು ಬಂದಿದೆ, ಇಬ್ಬರಿಗೂ ಸೋಲು ಗೆಲುವು ಗೊತ್ತಾಗಿದೆ. ದಡಗಳು ಹತ್ತಿರ ಬಂದವು. ಇಬ್ಬರೂ ಒಪ್ಪುವ ಮಾತು ಹೆಚ್ಚಾಯಿತು. ತಾಯಿ ದೊಡ್ಡವಳು, ಹಳ್ಳಿ ಒಳ್ಳೆಯದು, ಪ್ರೀತಿ ಪವಿತ್ರ. ಒಪ್ಪಿಕೊಂಡವರ ನಡುವೆ ಸವಾಲು ಜವಾಬು ಎಲ್ಲಿಂದ ಬಂದೀತು? ಹಾಡು ಕೆಟ್ಟಿತು ಅನ್ನಲಾರೆ. ‘ಪುಟ್ನಂಜ’ದ ಹಾಡು ಇವತ್ತಿಗೂ ಹಬ್ಬದ ಪೆಂಡಾಲಿನಲ್ಲಿ ಕೇಳುತ್ತೆ. ಆದರೆ ಆ ಅಣ್ಣನ ನಗು ಕಡಿಮೆಯಾಗಿತ್ತು.

ಬೇರೆ ಬೇರೆ ದಾರಿ

1998ರಲ್ಲಿ ‘ಯಾರೇ ನೀನು ಚೆಲುವೆ’, ‘ಪ್ರೀತ್ಸೋದ್ ತಪ್ಪಾ’. ಆಮೇಲೆ ರವಿಚಂದ್ರನ್ ತಮ್ಮ ಚಿತ್ರಗಳಿಗೆ ತಾವೇ ಸಂಗೀತ ಮಾಡತೊಡಗಿದರು. ಯಾರು ಯಾರಿಗೆ ಏನಂದರು ಅನ್ನುವ ಕಥೆ ಈ ಅಂಕಣಕ್ಕೆ ಬೇಡ. ಅದನ್ನು ಬರೆದು ಹೊಟ್ಟೆ ಹೊರೆಯುವವರು ಬೇರೆ ಇದ್ದಾರೆ.

ಹಾಡನ್ನಷ್ಟೇ ನೋಡೋಣ. ಹಂಸಲೇಖರಿಗೆ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರದ ಸಂಗೀತಕ್ಕೆ 1995ರ ಸಾಲಿನ ರಾಷ್ಟ್ರಪ್ರಶಸ್ತಿ ಆಗಲೇ ಬಂದಿತ್ತು. ಅದೇ ಚಿತ್ರದ ಹಾಡಿಗೆ ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ. ಕಣ್ಣಿಲ್ಲದ ಮಹಾಗಾಯಕನ ಕಥೆ ಅದು. ಬೈಕೂ ಇಲ್ಲ, ಬಣ್ಣದ ಲೈಟೂ ಇಲ್ಲ. ‘ಪ್ರೇಮಲೋಕ’ದವರು ಇವರೇನಾ ಎಂದು ಜನ ಬೆರಗಾದರು.

ರವಿಚಂದ್ರನ್ 2002ರಲ್ಲಿ ‘ಏಕಾಂಗಿ’ ತೆಗೆದರು. ಕಥೆ, ನಿರ್ದೇಶನ, ಸಂಗೀತ, ಎಲ್ಲ ತಾವೇ. ಹೆಸರೇ ‘ಏಕಾಂಗಿ’! ಗಲ್ಲಾಪೆಟ್ಟಿಗೆ ತುಂಬಲಿಲ್ಲ. ಆದರೆ ಆ ಚಿತ್ರವನ್ನು ಎದೆಗೊತ್ತಿಕೊಂಡ ಅಭಿಮಾನಿಗಳು ಇಂದಿಗೂ ಇದ್ದಾರೆ. 2004ರ ‘ಮಲ್ಲ’ ಗೆದ್ದಿತು, ಹಾಡೂ ಗೆದ್ದವು. ಆದ್ದರಿಂದ “ಹಂಸಲೇಖ ಇಲ್ಲದೆ ಕ್ರೇಜಿ ಸ್ಟಾರ್ ಸೊನ್ನೆ” ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಕಿವಿಗೆ ಕೇಳಿದ ವ್ಯತ್ಯಾಸ ಬೇರೆ. ಹಳೆಯ ಹಾಡಿನಲ್ಲಿ ಪ್ರೇಮಿ ಕೇಳಿದ್ದಕ್ಕೆ ಯಾರೋ ಉತ್ತರ ಕೊಡುತ್ತಿದ್ದರು. ಹೊಸದರಲ್ಲಿ ಪ್ರೇಮಿ ತನ್ನ ಪಾಡಿಗೆ ತಾನು ಹೇಳಿಕೊಳ್ಳುತ್ತಾನೆ. ಮಾತು ಹೋಗಿ ಸ್ವಗತ ಬಂತು.

ಇನ್ನು ವಯಸ್ಸಿನ ಪ್ರಶ್ನೆ. ವಯಸ್ಸಾದದ್ದೇ ಕಾರಣ ಅನ್ನುವವರು 2005ರ ‘ನೆನಪಿರಲಿ’ ನೋಡಲಿ. ನಿರ್ದೇಶಕ ರತ್ನಜ, ನಾಯಕ ಹೊಸಬ ಪ್ರೇಮ್. ಹಂಸಲೇಖರಿಗೆ ಆಗ 54! ಕಾಲೇಜು ಹುಡುಗ ಹುಡುಗಿಯರು ಆ ಹಾಡನ್ನು ತಮ್ಮದೇ ಅಂತ ಹಾಡಿಕೊಂಡರು. ಎದುರಿಗೆ ಮತ್ತೆ ಹುಡುಗರು ಕೂತಿದ್ದರು, ದಡಗಳ ನಡುವೆ ಮತ್ತೆ ಹೊಳೆ ಹರಿಯಿತು. ಸವಾಲು ಸಿಕ್ಕಿದ ಕೂಡಲೇ ಜವಾಬು ಬಂತು. ಪೆನ್ನಿಗೆ ಮುಪ್ಪು ಬಂದಿರಲಿಲ್ಲ.

ಮೂರನೆಯ ಬಾಳು

ಇಷ್ಟಾದರೂ ಅಂಡರ್ಸನ್‌ಪೇಟೆಯ ಅಭಿಮಾನಿಗೆ ಪೂರ್ತಿ ಉತ್ತರ ಸಿಗಲಿಲ್ಲ. ಯಾಕೆಂದರೆ ಹಾಡಿನಲ್ಲಿ ಇಬ್ಬರ ಬಾಳಷ್ಟೇ ಅಲ್ಲ, ಮೂರನೆಯದೂ ಒಂದಿದೆ. ಕೇಳುವವನ ಬಾಳು. ಅದಕ್ಕೆ ಸಾಕ್ಷಿ ನಮ್ಮ ಮಾವನ ಆರ್ಕೆಸ್ಟ್ರಾದ ಚೀಟಿಗಳು.

ಆರ್ಕೆಸ್ಟ್ರಾ ನಡೆಯುವಾಗ ಕೆಳಗಿನಿಂದ ಚೀಟಿ ಬರುವ ಪದ್ಧತಿ ನಿಮಗೆ ಗೊತ್ತು. “ಚಾಂಪಿಯನ್ ರೀಫ್ಸ್ ಗೆಳೆಯರ ಕೋರಿಕೆ ಮೇರೆಗೆ” ಅಂತ ಮೈಕಿನಲ್ಲಿ ಓದಿ ಹಾಡು ಶುರು ಮಾಡುತ್ತಾರೆ. ಮಾವ ಹೇಳುವ ಪ್ರಕಾರ 1988ರಲ್ಲಿ ಬರುತ್ತಿದ್ದ ಚೀಟಿ ಎಲ್ಲ ಒಂದೇ ತರಹ. ಕೇಳಿದವನ ಹೆಸರು ಇರುತ್ತಿರಲಿಲ್ಲ, “ನೀಲಿ ದಾವಣಿಗೆ” ಅಂತ ಇರುತ್ತಿತ್ತು. ಹಾಡು ಯಾವುದಾದರೇನು, ಚಿತ್ರ ‘ಪ್ರೇಮಲೋಕ’. ಹಗಲು ಶಾಫ್ಟಿನೊಳಗೆ ಇಳಿದು, ರಾತ್ರಿ ತಲೆ ಬಾಚಿ ಬಂದು ನಿಂತ ಹುಡುಗರು ಅವರು.

ಐದಾರು ವರ್ಷ ಕಳೆಯಿತು. ಚೀಟಿ ಬರೆಯುವ ಕೈ ಬದಲಾಯಿತು. ದುಂಡು ಅಕ್ಷರ, ಹೆಂಗಸರದು. “ನಮ್ಮ ಯಜಮಾನರಿಗಾಗಿ, ‘ರಾಮಾಚಾರಿ’ ಲಾಲಿ.” ಆಮೇಲೆ ತೊಟ್ಟಿಲು ಶಾಸ್ತ್ರಕ್ಕೇ ಆರ್ಕೆಸ್ಟ್ರಾ ಕರೆಸಿ ಆ ಲಾಲಿಯನ್ನು ಹಾಡಿಸಿದವರೂ ಉಂಟಂತೆ. ಸಿನಿಮಾದಲ್ಲಿ ಅದು ಪ್ರೇಮದ ಕಥೆಯೊಳಗಿನ ಹಾಡು. ಇಲ್ಲಿ ನಿಜವಾದ ಕೂಸು ನಿಜವಾಗಿ ನಿದ್ದೆ ಹೋಯಿತು.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಶುರು ಮಾಡಿದ ಕೆಲಸ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಕೆಲಸ, ನಿಂತುಹೋಯಿತು. ಶಿಫ್ಟಿನ ಸೈರನ್ ಇಲ್ಲದ ಊರಿನಲ್ಲಿ ಹೊತ್ತು ಗೊತ್ತಾಗದೆ ಜನ ಒದ್ದಾಡಿದರು. ನೀಲಿ ದಾವಣಿಗೆ ಚೀಟಿ ಬರೆದಿದ್ದ ಹುಡುಗರು ಈಗ ನಲವತ್ತರ ಹತ್ತಿರದ ಗಂಡಸರು. ನಸುಕಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮನೆ ಸೇರುವವರು. ಆ ವರ್ಷ ಒಂದು ಮದುವೆಯಲ್ಲಿ ನಡೆದದ್ದನ್ನು ಮಾವ ಹೇಳಿದರು.

“ಚೀಟಿ ಬಂತು. ನೋಡಿದ್ರೆ ‘ಪ್ರೇಮಲೋಕ’! ಎಷ್ಟು ದಿನ ಆಗಿತ್ತೋ ಅದನ್ನ ಯಾರಾದ್ರೂ ಕೇಳಿ. ಸರಿ, ಹುಡುಗರು ಕುಣೀತಾರೆ ಅಂತ ಜೋರಾಗೇ ಎತ್ಕೊಂಡ್ವಿ. ಯಾರೂ ಕುಣೀಲಿಲ್ಲಪ್ಪ. ಎಲ್ಲಾ ಎದ್ದು ಮುಂದಕ್ಕೆ ಬಂದ್ರು, ಕೈ ಕಟ್ಕೊಂಡು ನಿಂತ್ಕೊಂಡ್ರು. ಮುಗಿದ ಮೇಲೆ ಇನ್ನೊಂದ್ಸಲ ಹೇಳಿ ಅಂದ್ರು. ಇನ್ನೊಂದ್ಸಲ ಹೇಳಿದ್ವಿ.”

ಅದೇ ಪದ, ಅದೇ ಮಟ್ಟು, ಅದೇ ಕೀಬೋರ್ಡು. ಬರೆದವರು ಒಂದಕ್ಷರ ತಿದ್ದಿಲ್ಲ. ಆದರೂ ಅದು 1988ರ ಹಾಡಲ್ಲ. ಕುಣಿಸುತ್ತಿದ್ದ ಹಾಡು ನಿಲ್ಲಿಸಿಬಿಟ್ಟಿತ್ತು. ಹಾಡನ್ನು ಹೀಗೆ ಬದಲಾಯಿಸಿದ್ದು ಹಂಸಲೇಖರೂ ಅಲ್ಲ, ರವಿಚಂದ್ರನ್ನೂ ಅಲ್ಲ. ಕೈ ಕಟ್ಟಿಕೊಂಡು ನಿಂತಿದ್ದರಲ್ಲ, ಅವರು.

ಆದ್ದರಿಂದ ಅಭಿಮಾನಿಗಳೇ...

ನಿಮ್ಮ ಕಾರ್ಡಿಗೆ ನನ್ನ ಉತ್ತರ ಇಷ್ಟು. ವಯಸ್ಸಾದದ್ದಕ್ಕಲ್ಲ, ದುಡ್ಡು ಬಂದದ್ದಕ್ಕೂ ಅಲ್ಲ. 26ಕ್ಕೂ 36ಕ್ಕೂ ನಡೆದ ಒಂದು ಮಾತುಕತೆ ‘ಪ್ರೇಮಲೋಕ’. ಅಂಥ ಮಾತುಕತೆ ಅದೇ ಇಬ್ಬರ ನಡುವೆ ಎರಡನೇ ಸಲ ನಡೆಯುವುದಿಲ್ಲ. ನಡೆಯಬೇಕೆಂದು ಹಟ ಹಿಡಿದರೆ ನಕಲು ಸಿಗುತ್ತೆ, ಹಾಡು ಸಿಗುವುದಿಲ್ಲ. ಹಂಸಲೇಖ ನಕಲು ಮಾಡಿಕೊಂಡು ಕೂರಲಿಲ್ಲ. ಹೊಸಬರಿಗೆ ದೇಸಿ ಸಂಗೀತ ಕಲಿಸಿದರು, ಟಿವಿಯಲ್ಲಿ ಹುಡುಗರ ಹಾಡಿಗೆ ಮಹಾಗುರುವಾಗಿ ಕೂತರು, 2023ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು. ರವಿಚಂದ್ರನ್ ಸೋತಾಗಲೂ ತಮ್ಮ ಕನಸು ಬಿಡಲಿಲ್ಲ. ಇಬ್ಬರ ಮೇಲೂ ನನಗೆ ಗೌರವ ಇರುವುದು ಇದಕ್ಕೇ.

ಇನ್ನೊಂದು ಮಾತು. 2018ರ ‘ಕೆ.ಜಿ.ಎಫ್.’ ಚಿತ್ರ ಬಂದ ಮೇಲೆ ನಮ್ಮ ಊರು ನೋಡಲು ಹೊರಗಿನವರು ಬರುವುದು ಹೆಚ್ಚಾಯಿತು. ಸೈನೈಡ್ ದಿಬ್ಬದ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ರಾಕಿ ಎಲ್ಲಿ, ಸುತ್ತಿಗೆ ಎಲ್ಲಿ ಅಂತ ಕೇಳುತ್ತಾರೆ. ರವಿ ಬಸ್ರೂರರ ಸಂಗೀತ ಮೊಬೈಲಿನಲ್ಲಿ ಹಾಕಿಕೊಂಡು ಬರುತ್ತಾರೆ. ಬರಲಿ, ಸಂತೋಷ. ಆದರೆ ಈ ಊರಿನ ಹುಡುಗರು ನಿಜವಾಗಿ ಹಾಡಿಕೊಂಡು ಬೆಳೆದದ್ದು ಬಂದೂಕಿನ ಹಾಡಲ್ಲ. ತಮಿಳು ಅಕ್ಷರದಲ್ಲಿ ಬರೆದುಕೊಂಡ ಕನ್ನಡದ ಪ್ರೇಮದ ಹಾಡು. ಬಂದವರು ಅದನ್ನೂ ಕೇಳಿಕೊಂಡು ಹೋಗಲಿ. ಬಂಗಾರಪೇಟೆಯಲ್ಲಿ ಇಳಿದು ಪಾನಿಪೂರಿ ತಿನ್ನುವಾಗ ಅಂಗಡಿಯವರನ್ನು ಕೇಳಿದರೆ ಸಾಕು, ಒಂದು ಪಲ್ಲವಿಯಾದರೂ ಹೇಳುತ್ತಾರೆ.

ಮುಂದಿನ ವಾರಕ್ಕೆ ನಿಮಗೊಂದು ಕೆಲಸ. ನೀವು ಮೊದಲ ಸಲ ಆರ್ಕೆಸ್ಟ್ರಾಕ್ಕೆ ಚೀಟಿ ಕಳಿಸಿ ಕೇಳಿದ ಹಾಡು ಯಾವುದು, ಇವತ್ತು ಕೇಳುವುದಾದರೆ ಯಾವುದು, ಎರಡನ್ನೂ ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಗೆ ಹಾಕಿ. ಹೆಸರು ಬರೆಯಲು ಸಂಕೋಚವಾದರೆ ಬೇಡ, ಊರಿನ ಹೆಸರು ಸಾಕು. ನೀಲಿ ದಾವಣಿ ಯಾರೆಂದು ನಾನಂತೂ ಕೇಳುವುದಿಲ್ಲ.

ಅಂಡರ್ಸನ್‌ಪೇಟೆಯ ಅಭಿಮಾನಿಗಳೇ, ಉತ್ತರ ಕೊಟ್ಟಿದ್ದೇನೆ. ಇನ್ನು ಪತ್ರಿಕೆ ಕೊಳ್ಳುವುದು ನಿಮ್ಮ ಧರ್ಮ!